ಬೆನ್ನಿಗೆ ಕಂಡ ಟೆಲಿಫೋನ್

ಕಣ್ಣಿಗೆ ಬಟ್ಟೆ ಕಟ್ಟಿದರೂ ನಿಮ್ಮ ಮಗು ಓದುತ್ತದೆ ಎಂದು ನಂಬಿಸಿ ದುಡ್ಡು ಮಾಡಿದವರು ನಮ್ಮಲ್ಲಿದ್ದರು. ಅದಕ್ಕೆ 'ಮಿಡ್‌ಬ್ರೈನ್ ಆಕ್ಟಿವೇಶನ್' ಅಂತ ದೊಡ್ಡ ಹೆಸರು ಬೇರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅದನ್ನು ಬಯಲಿಗೆಳೆದರು. ಮಕ್ಕಳು ಇಣುಕುತ್ತಿದ್ದದ್ದು ಮೂಗಿನ ಪಕ್ಕದ ಸಂದಿಯಿಂದ. ಮೋಸ ಕಂಡರೆ ಸಿಟ್ಟು ಬರುತ್ತದೆ, ಸರಿ. ಆದರೆ ಕಣ್ಣಿಲ್ಲದೆ ನೋಡಿದವರ ನಿಜವಾದ ಕಥೆ ಈ ಗದ್ದಲದಲ್ಲಿ ಮುಚ್ಚಿಹೋಗುತ್ತದಲ್ಲ, ಅದಕ್ಕೆ ನನಗೆ ಇನ್ನೂ ಜಾಸ್ತಿ ಬೇಜಾರು.

1960ರ ದಶಕ, ಸ್ಯಾನ್ ಫ್ರಾನ್ಸಿಸ್ಕೊ. ಪಾಲ್ ಬಾಕ್-ಇ-ರೀಟಾ ಎಂಬ ವೈದ್ಯ ಮತ್ತು ಜೊತೆಗಾರರು ಹಲ್ಲಿನ ಡಾಕ್ಟರ ಕುರ್ಚಿಯೊಂದನ್ನು ತಂದು, ಅದರ ಒರಗಿಗೆ ನಡುಗುವ 400 ಪುಟ್ಟ ಕಡ್ಡಿಗಳನ್ನು ಕೂರಿಸಿದರು. ಸಾಲಿಗೆ 20ರಂತೆ 20 ಸಾಲು. ಎದುರಿಗೊಂದು ಟಿವಿ ಕ್ಯಾಮೆರಾ. ಚಿತ್ರದ ಬೆಳಕು-ಕತ್ತಲಿಗೆ ತಕ್ಕಂತೆ ಕೆಲವು ಕಡ್ಡಿಗಳು ನಡುಗುತ್ತವೆ, ಕೆಲವು ಸುಮ್ಮನಿರುತ್ತವೆ. ಕಣ್ಣು ಕಾಣದವರು ಬಂದು ಬೆನ್ನು ಒರಗಿಸಿ ಕೂತರು. ಗಂಟೆಗಟ್ಟಲೆ ಅಭ್ಯಾಸದ ನಂತರ ಟೆಲಿಫೋನ್, ಟೀ ಕಪ್, ಕುರ್ಚಿ ಎಲ್ಲವನ್ನೂ ಗುರುತಿಸಿದರು! 1969ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು.

ಮೆದುಳು ಹೊಸ ದಾರಿ ಕಲಿಯುತ್ತದೆ ಎಂದು ಬಾಕ್-ಇ-ರೀಟಾಗೆ ಅಷ್ಟು ನಂಬಿಕೆ ಬರಲು ಮನೆಯಲ್ಲೇ ಕಾರಣವಿತ್ತು. 1959ರಲ್ಲಿ ಅವರ ತಂದೆಗೆ ಪಾರ್ಶ್ವವಾಯು ಹೊಡೆಯಿತು. ಇನ್ನೊಬ್ಬ ಮಗ ಜಾರ್ಜ್ ಅಪ್ಪನನ್ನು ಮಗುವಿನಂತೆ ಅಂಬೆಗಾಲಿಡಿಸಿದ, ಪಾತ್ರೆ ತೊಳೆಸಿದ. ಅಪ್ಪ ಎದ್ದು ನಿಂತರು, ಮತ್ತೆ ಪಾಠ ಮಾಡಲು ಹೋದರು. ಕೆಲವು ವರ್ಷದ ಮೇಲೆ ಬೆಟ್ಟ ಹತ್ತುವಾಗ ತೀರಿಕೊಂಡರು. ಮರಣೋತ್ತರ ಪರೀಕ್ಷೆ ಮಾಡಿದರೆ, ಮೆದುಳಿಗೆ ಆದ ಪೆಟ್ಟು ಹಾಗೇ ಇತ್ತು. ಉಳಿದ ಭಾಗವೇ ಕೆಲಸ ಕಲಿತಿತ್ತು.

ಕುರ್ಚಿಗೆ ಬರೋಣ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಕ್ಯಾಮೆರಾವನ್ನು ಬೇರೆಯವರು ತಿರುಗಿಸಿದರೆ, ಕೂತವರಿಗೆ ಬೆನ್ನಲ್ಲಿ ಬರೀ ಕಚಗುಳಿ. ಅದೇ ಕ್ಯಾಮೆರಾವನ್ನು ತಾವೇ ಕೈಯಿಂದ ಆಡಿಸಿದರೆ, ಸ್ವಲ್ಪ ಅಭ್ಯಾಸವಾದ ಮೇಲೆ, ಬೆನ್ನಿನ ನೆನಪೇ ಹೋಗಿ ವಸ್ತು ಎದುರಿಗಿದೆ ಅನ್ನಿಸತೊಡಗುತ್ತಿತ್ತು. ಯಾಕೆ? ಕಣ್ಣು ಮುಚ್ಚಿ, ಅಂಗೈ ಮೇಲೆ ಯಾರಿಂದಲಾದರೂ ಒಂದು ನಾಣ್ಯ ಇಡಿಸಿಕೊಳ್ಳಿ. ಕೈ ಅಲ್ಲಾಡಿಸಬೇಡಿ. ಒಂದು ರೂಪಾಯಿಯೋ ಎರಡೋ ಹೇಳುವುದು ಕಷ್ಟ. ಈಗ ಬೆರಳಲ್ಲಿ ಹೊರಳಿಸಿ. ಗೊತ್ತಾಯಿತಲ್ವಾ? ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗನ್ನು ಹೆಬ್ಬೆರಳಿಂದ ಉಜ್ಜಿ ನೋಡುವುದೂ ಇದಕ್ಕೇ. ಇನ್ನೂ ಒಂದು. ಪೆನ್ನು ಹಿಡಿದು ಅದರ ತುದಿಯನ್ನು ಮೇಜಿನ ಮೇಲೆ ಎಳೆಯಿರಿ, ಆಮೇಲೆ ಚಾಪೆಯ ಮೇಲೆ. ಚಾಪೆಯ ಒರಟು ನಿಮಗೆ ತಿಳಿಯುವುದು ಪೆನ್ನಿನ ತುದಿಯಲ್ಲಿ, ಅಲ್ಲಿ ನರವೇ ಇಲ್ಲ! ಬಿಳಿಕೋಲು ಹಿಡಿದವರಿಗೆ ನೆಲ ಸಿಗುವುದೂ ಕೋಲಿನ ತುದಿಯಲ್ಲೇ. ನಾನು ಹೀಗೆ ಅಲುಗಿಸಿದರೆ ಹೀಗೆ ಬದಲಾಗುತ್ತದೆ ಎಂಬ ಲೆಕ್ಕ ಮೆದುಳಿಗೆ ಸಿಕ್ಕಿದರೆ ಸಾಕು. ಸುದ್ದಿ ಬಂದ ದಾರಿ ಕಣ್ಣೋ ಚರ್ಮವೋ ಅನ್ನುವುದು ಹಿಂದಕ್ಕೆ ಸರಿಯುತ್ತದೆ.

ಒಮ್ಮೆ ಪ್ರಯೋಗದ ನಡುವೆ, ಕೂತವರಿಗೆ ತಿಳಿಸದೆ, ಕ್ಯಾಮೆರಾದ ಜೂಮ್ ತಿರುಗಿಸಿದರು. ಬೆನ್ನಿನ ಮೇಲಿನ ಚಿತ್ರ ಗಕ್ಕನೆ ದೊಡ್ಡದಾಯಿತು. ಆತ ಕೈ ಅಡ್ಡ ಹಿಡಿದು ಹಿಂದಕ್ಕೆ ಬಾಗಿದ. ಕಡ್ಡಿಗಳಿದ್ದದ್ದು ಬೆನ್ನ ಹಿಂದೆ. ಆತ ತಪ್ಪಿಸಿಕೊಂಡದ್ದು ಎದುರಿನಿಂದ ಬಂದದ್ದರಿಂದ!

ಆಮೇಲೆ ಬಾಕ್-ಇ-ರೀಟಾ ಬೆನ್ನು ಬಿಟ್ಟು ನಾಲಿಗೆಗೆ ಬಂದರು, ನಡುಗುವ ಕಡ್ಡಿಗಳ ಬದಲು ಸಣ್ಣ ವಿದ್ಯುತ್ ಚುರುಕು. ಎಂಜಲಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. 1992ರಲ್ಲಿ ನೆದರ್ಲೆಂಡ್ಸ್‌ನ ಪೀಟರ್ ಮೈಯರ್ ಚಿತ್ರವನ್ನು ಸದ್ದಾಗಿಸುವ ದಾರಿ ತೋರಿಸಿದರು. ಚಿತ್ರವನ್ನು ಎಡದಿಂದ ಬಲಕ್ಕೆ ಸುಮಾರು ಒಂದು ಸೆಕೆಂಡಿನಲ್ಲಿ ಓದಬೇಕು, ಎತ್ತರದಲ್ಲಿದ್ದದ್ದಕ್ಕೆ ಮೇಲಿನ ಸ್ವರ, ಬೆಳಕು ಹೆಚ್ಚಿದ್ದರೆ ಸದ್ದು ಜೋರು. ಬಲಕ್ಕೆ ಏರುವ ಗೆರೆ ಸರಿಗಮಪದನಿಯಂತೆ ಏರುತ್ತಾ ಕೇಳುತ್ತದೆ.

ಇಷ್ಟಾದರೂ ಬಿಳಿಕೋಲು ಮೂಲೆ ಸೇರಿಲ್ಲ. ನಾಲಿಗೆ ಮೇಲೆ ಯಂತ್ರ ಇಟ್ಟುಕೊಂಡು ಮಾತಾಡುವುದು ಹೇಗೆ? ಕಿವಿಯಂತೂ ಕಣ್ಣು ಕಾಣದವರಿಗೆ ಮೊದಲೇ ಬಿಡುವಿಲ್ಲದ ಅಂಗ. ರಸ್ತೆ ದಾಟುವಾಗ ಅದರಲ್ಲಿ ಸ್ವರಗಳು ತುಂಬಿದ್ದರೆ, ಬಸ್ಸು ಯಾವ ಕಡೆಯಿಂದ ಬರುತ್ತಿದೆ ಅಂತ ಕೇಳಿಸಿಕೊಳ್ಳಲು ಜಾಗ ಎಲ್ಲಿ?