ಗಾಜಿಗೆ ಅಂಟು, ಬೋರ್ಡಿಗೆ ಬೆಸುಗೆ

ತೆಳ್ಳನೆಯ ಎಲ್‌ಸಿಡಿ ಪರದೆಯಲ್ಲಿ ಒಂದು ಗೆರೆ ಮಾಯವಾದರೆ ಸಾಕು, ಬಹಳ ಮಂದಿ ಸೋಲ್ಡರಿಂಗ್ ಐರನ್ ಕಾಯಿಸಿ ಗಾಜಿನ ಅಂಚಿಗೆ ಹಿಡಿಯುತ್ತಾರೆ. ಆಗ ಪಕ್ಕದ ಗೆರೆಗಳೂ ಹೋಗುತ್ತವೆ. ಗಾಜನ್ನು ಬೋರ್ಡಿಗೆ ಜೋಡಿಸುವ, ಬಾಗುವ ತೆಳು ಪಟ್ಟಿಯಂಥ ಫ್ಲೆಕ್ಸ್ ಕೇಬಲ್ಲಿನ ಆ ತುದಿಯಲ್ಲಿ ಕರಗಿ ಕೂಡಿಕೊಳ್ಳಲು ಬೆಸುಗೆಯೇ ಇಲ್ಲ. ಅಲ್ಲಿರುವುದು ಅಂಟು.

ಅದೂ ಎಂಥ ಅಂಟು! ಗಾಜಿನ ಮೇಲಿನ ಪಾರದರ್ಶಕ ವಾಹಕ ಇಂಡಿಯಮ್ ಟಿನ್ ಆಕ್ಸೈಡ್. ಅದಕ್ಕೆ ಸಾಮಾನ್ಯ ಬೆಸುಗೆ ಹತ್ತುವುದಿಲ್ಲ. ಹಾಗಾಗಿ ಎಪಾಕ್ಸಿಯಂಥ ಅಂಟಿನ ಪದರದೊಳಗೆ ಕೆಲವೇ ಮೈಕ್ರಾನ್ ಗಾತ್ರದ ಪ್ಲಾಸ್ಟಿಕ್ ಗುಂಡುಗಳನ್ನು ಚದುರಿಸುತ್ತಾರೆ. ಗುಂಡುಗಳ ಮೈಗೆ ನಿಕ್ಕಲ್ ಮತ್ತು ಚಿನ್ನದ ಲೇಪ. ಕೇಬಲ್ ಇಟ್ಟು, ಸುಮಾರು 180 ಡಿಗ್ರಿ ಬಿಸಿಯಲ್ಲಿ ಹತ್ತಿಪ್ಪತ್ತು ಸೆಕೆಂಡು ಸಮನಾಗಿ ಒತ್ತಿದರೆ ಕರೆಂಟು ಮೇಲಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ, ಪಕ್ಕಕ್ಕೆ ಹರಿಯುವುದಿಲ್ಲ. ಜಲ್ಲಿ ಚೆಲ್ಲಿದ ನೆಲದ ಮೇಲೆ ಏಣಿ ಮಲಗಿಸಿ ಹತ್ತಿ ನಿಂತಂತೆ ಇದು: ಮೆಟ್ಟಿಲಿನಡಿ ಸಿಕ್ಕ ಕಲ್ಲು ಮರಕ್ಕೂ ನೆಲಕ್ಕೂ ಒತ್ತಿಕೊಳ್ಳುತ್ತದೆ, ಮೆಟ್ಟಿಲುಗಳ ನಡುವಿನದು ಸುಮ್ಮನೆ ಬಿದ್ದಿರುತ್ತದೆ. ಇನ್ನೊಂದು ಬಗೆಯಲ್ಲಿ ನೋಡಿ. ಬಯಲಿನಲ್ಲಿ ದೂರದೂರ ನಿಂತವರ ಕೈಗೆ ಕೈ ಎಟುಕದು. ಆದರೆ ಚಾವಣಿ ತಗ್ಗಿ ಬಂದರೆ ಎಲ್ಲರ ತಲೆಯೂ ತಾಗುತ್ತದೆ. ಆರಿ ಗಟ್ಟಿಯಾದ ಅಂಟು ಆ ಚಾವಣಿಯನ್ನು, ಅಂದರೆ ಕೇಬಲ್ಲನ್ನು, ಕೆಳಗೇ ಹಿಡಿದಿಡುತ್ತದೆ, ಚಪ್ಪಟೆಯಾದ ಗುಂಡು ಸ್ಪ್ರಿಂಗಿನ ಹಾಗೆ ಮೇಲಕ್ಕೆ ತಳ್ಳುತ್ತಿರುತ್ತದೆ. 300 ಡಿಗ್ರಿಯ ಐರನ್ ತಾಗಿದಾಗ ಅಂಟಿನ ಹಿಡಿತ ಸಡಿಲಿ ಚಾವಣಿ ಏಳುತ್ತದೆ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗಿ ಅಂಟುವುದಿಲ್ಲ. ಗಾಜಿನಂಚಿನಲ್ಲೇ ಕೇಬಲ್ ಮಡಚಿದರೂ ಇದೇ ಗತಿ, ಆ ಕೆಲವು ಮಿಲಿಮೀಟರನ್ನು ನೇರವಾಗಿಯೇ ಬಿಡಬೇಕು.

ನಮ್ಮ ಕೈಗೆ ಬಿಟ್ಟಿರುವುದು ಬೋರ್ಡಿನ ಕಡೆಯ ತುದಿ. ಅದರ ಹಿಂದೆ ಗಟ್ಟಿ ಪಟ್ಟಿ ಅಂಟಿಸಿ ಒಟ್ಟು ದಪ್ಪ 0.3 ಮಿ.ಮೀ. ಇದ್ದರೆ ಅದು ಸಾಮಾನ್ಯವಾಗಿ ಜಿಫ್ (ZIF) ಕನೆಕ್ಟರಿಗೆ, ಅಂದರೆ ಬಲ ಹಾಕದೆ ಕೇಬಲ್ ತೂರಿಸಿ ಚಿಲಕದಿಂದ ಹಿಡಿಸುವ ಕನೆಕ್ಟರಿಗೆ, ಮಾಡಿದ್ದು. ಚಿಲಕ ಎತ್ತಿ, ಕೇಬಲ್ಲನ್ನು ನೇರವಾಗಿ ಕೊನೆತನಕ ತೂರಿಸಿ, ಚಿಲಕ ಹಾಕಿದರೆ ಮುಗಿಯಿತು. ಕನೆಕ್ಟರಿನ ಮುಳ್ಳುಗಳು ಮೇಲಿವೆಯೋ ಕೆಳಗಿವೆಯೋ ಎಂದು ಮೊದಲೇ ನೋಡಿಕೊಳ್ಳಿ.

ಗಟ್ಟಿ ಪಟ್ಟಿಯಿಲ್ಲದೆ, ಬೆರಳುಗಳ (ತುದಿಯ ತಾಮ್ರದ ಪಟ್ಟಿಗಳ) ಮೇಲೆ ಸಣ್ಣ ತೂತುಗಳಿದ್ದರೆ ಅದು ಬೆಸುಗೆಯ ಬಾಲ, ಅಂದರೆ ಬೋರ್ಡಿಗೆ ನೇರವಾಗಿ ಬೆಸೆಯುವ ತುದಿ. ಕೇಬಲ್ಲಿನ ಕಂದು ಹಾಳೆ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್. ಡ್ಯೂಪಾಂಟ್ ಕಂಪನಿ 1960ರ ದಶಕದಲ್ಲಿ ಕ್ಯಾಪ್ಟಾನ್ (Kapton) ಹೆಸರಿನಲ್ಲಿ ತಂದ ಈ ಹಾಳೆ 1969ರಲ್ಲಿ ಚಂದ್ರನ ಮೇಲಿಳಿದ ಅಪೊಲೊ ನೌಕೆಯ ಹೊದಿಕೆಯಲ್ಲೂ ಇತ್ತು. ಅದು ಕರಗುವುದಿಲ್ಲ ನಿಜ, ಆದರೆ ತಾಮ್ರವನ್ನು ಹಾಳೆಗೆ ಹಿಡಿದಿರುವ ಅಂಟಿಗೆ ಅಷ್ಟು ತಾಳ್ಮೆಯಿಲ್ಲ. ಹೆಚ್ಚು ಹೊತ್ತು ಕಾಯಿಸಿದರೆ ಬೆರಳೇ ಕಿತ್ತು ಬರುತ್ತದೆ. ಬಿಳಿ ರಿಬ್ಬನ್ ಕೇಬಲ್ಲುಗಳು ಪಾಲಿಯೆಸ್ಟರಿನವು, ಐರನ್ ತಾಗಿದರೆ ಕರಗಿಯೇ ಹೋಗುತ್ತವೆ.

ಬೋರ್ಡಿನ ಪ್ಯಾಡುಗಳಿಗೆ (ಬೆರಳು ಕೂರುವ ಲೋಹದ ಚೌಕಗಳಿಗೆ) ಮಾತ್ರ ತೆಳುವಾಗಿ ಬೆಸುಗೆ ಹಚ್ಚಿ. ಉಬ್ಬಿದ್ದರೆ ತಾಮ್ರದ ಜಡೆಯಿಂದ ಹೀರಿಸಿ. ಎರಡೂ ಕಡೆ ಫ್ಲಕ್ಸ್, ಅಂದರೆ ಬೆಸುಗೆ ಸಲೀಸಾಗಿ ಹರಿಯಲು ನೆರವಾಗುವ ಲೇಪ, ಹಾಕಿ. ಪ್ಯಾಡು ಬಾಲದ ತುದಿಯಿಂದ 1 ಮಿ.ಮೀ. ಹೊರಗೆ ಕಾಣುವಂತೆ ಕೂರಿಸಿ ಪಾಲಿಇಮೈಡ್ ಟೇಪಿನಿಂದ ಬಿಗಿಯಿರಿ. ಹೊರಗುಳಿದ ಆ ಒಂದು ಮಿಲಿಮೀಟರಿನಿಂದಲೇ ಬಿಸಿ ಒಳಹೋಗುವುದು, ಬೆಸುಗೆ ಹರಿದದ್ದು ಕಣ್ಣಿಗೆ ಕಾಣುವುದೂ ಅಲ್ಲೇ. ಮೊದಲು ಎರಡು ತುದಿಯ ಪಿನ್ನುಗಳನ್ನು ಹಿಡಿಸಿ, ಸಾಲು ಸರಿಯಿದೆಯೇ ನೋಡಿ. 0.8 ಮಿ.ಮೀ. ಅಂತರದ ಬಾಲದಲ್ಲಿ ಅರ್ಧ ಅಂತರ ಜಾರಿದರೂ ಒಂದೊಂದು ಬೆರಳು ಎರಡೆರಡು ಪ್ಯಾಡು ಮುಟ್ಟುತ್ತದೆ. ಆಮೇಲೆ 310 ಡಿಗ್ರಿ ಆಸುಪಾಸಿನ ಚಪ್ಪಟೆ ಮೊನೆಯಿಂದ ಒಂದೊಂದು ಬೆರಳನ್ನೂ ಎರಡು ಮೂರು ಸೆಕೆಂಡು ಒತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ.

ಕರೆಂಟು ಕೊಡುವ ಮುನ್ನ ಅಕ್ಕಪಕ್ಕದ ಪಿನ್ನುಗಳು ಒಂದಕ್ಕೊಂದು ತಾಗಿಲ್ಲವೇ ಎಂದು ಮಲ್ಟಿಮೀಟರಿನಲ್ಲಿ ನೋಡಲೇಬೇಕು. ಪರದೆಯ ಹಿಂದಿನ ದೀಪವಾದ ಬ್ಯಾಕ್‌ಲೈಟಿನಲ್ಲಿ 6 ಬಿಳಿ ಎಲ್‌ಇಡಿ ಸರಣಿಯಾಗಿದ್ದರೆ ಅದಕ್ಕೆ 18 ವೋಲ್ಟಿಗೂ ಹೆಚ್ಚು ಬೇಕು, ಪಕ್ಕದಲ್ಲೇ 3.3 ವೋಲ್ಟಿನ ಪಿನ್ ಇರಬಹುದು. ಕೇಬಲ್ ತಲೆಕೆಳಗಾಗಿ ಕೂತರೂ ಒಂದನೆಯ ಪಿನ್ ಕೊನೆಯದಾಗಿ ಈ ವೋಲ್ಟೇಜು ಎಲ್ಲಿಗೋ ನುಗ್ಗಬಹುದು. ಹಾಗಾಗಿ ಮೊದಲು 3.3 ವೋಲ್ಟ್ ಮಾತ್ರ ಕೊಡಿ. ಚಿತ್ರ ಮಸುಕಾಗಿ ಮೂಡಿದ್ದನ್ನು ಟಾರ್ಚ್ ಹಿಡಿದು ಓರೆಯಾಗಿ ನೋಡಿ, ಆಮೇಲೆ ಬ್ಯಾಕ್‌ಲೈಟ್ ಹಾಕಿ.