ಲೆಕ್ಕ ಗೊತ್ತಿದ್ದ ಜನರಲ್

ಜರ್ಮನಿಯ ಸರಕು ವಿಮಾನ ಯೂಂಕರ್ಸ್ 52 ಒಂದು ಸಲಕ್ಕೆ ಹೊರುತ್ತಿದ್ದುದು ಸುಮಾರು ಎರಡು ಟನ್ ಸಾಮಾನು. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಸ್ಟಾಲಿನ್‌ಗ್ರಾಡ್ ನಗರದಲ್ಲಿ ಸಿಕ್ಕಿಬಿದ್ದಿದ್ದ ಜರ್ಮನ್ ಆರನೇ ಸೇನೆಗೆ ದಿನಕ್ಕೆ ಕನಿಷ್ಠ 300 ಟನ್ ಬೇಕಿತ್ತು. ಅಂದರೆ ದಿನಾ 150 ಸಲ ವಿಮಾನ ಇಳಿಯಬೇಕು. ಅದೂ ರಷ್ಯಾದ ಚಳಿಗಾಲದಲ್ಲಿ, ಮಂಜಿನಲ್ಲಿ, ಗುಂಡಿನ ನಡುವೆ! ದಿನಕ್ಕೆ ತಲುಪಿದ್ದು ಸರಾಸರಿ ನೂರು ಟನ್‌ಗಿಂತ ತುಸು ಜಾಸ್ತಿ, ಅಷ್ಟೇ.

ಈ ಲೆಕ್ಕ ಚೆನ್ನಾಗಿ ಅರ್ಥವಾಗಬೇಕಾಗಿದ್ದವನು ಆ ಸೇನೆಯ ಮುಖ್ಯಸ್ಥ ಫ್ರೀಡ್ರಿಶ್ ಪೌಲುಸ್. ಹುಟ್ಟಿದ್ದು 1890ರಲ್ಲಿ, ಅಪ್ಪ ಖಜಾಂಚಿ. ನೌಕಾಪಡೆ ಸೇರಲು ಹೋದ, ಆಗಲಿಲ್ಲ. ಸ್ವಲ್ಪ ದಿನ ಕಾನೂನು ಓದಿ, 1910ರಲ್ಲಿ ಭೂಸೇನೆ ಸೇರಿದ. ನಕ್ಷೆ, ಕಡತ, ಪಟ್ಟಿ ಇವೇ ಅವನ ಲೋಕ. ರಷ್ಯಾ ಮೇಲಿನ ದಾಳಿಯ ಯೋಜನೆ ಹಾಕಿದವರಲ್ಲಿ ಅವನೂ ಒಬ್ಬ. 1942ರ ಜನವರಿಯಲ್ಲಿ ಇಡೀ ಸೇನೆಯೊಂದನ್ನು ಅವನ ಕೈಗೆ ಕೊಟ್ಟರು. ಅಷ್ಟು ದೊಡ್ಡ ಪಡೆಯನ್ನು ಅವನು ಯುದ್ಧದಲ್ಲಿ ನಡೆಸಿಯೇ ಇರಲಿಲ್ಲ.

ಅದೇ ವರ್ಷದ ನವೆಂಬರ್ 23ರಂದು ಸೋವಿಯತ್ ಪಡೆಗಳು ಆ ಸೇನೆಯನ್ನು ಪೂರ್ತಿ ಸುತ್ತುವರಿದವು. ಒಳಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಹೊರಬರಲು ಪೌಲುಸ್ ಅನುಮತಿ ಕೇಳಿದ. ಹಿಟ್ಲರ್ ಬೇಡವೆಂದ. ಪೌಲುಸ್ ಸುಮ್ಮನಾದ. ನನಗೆ ಅವನ ಪತನ ಶುರುವಾದದ್ದು ಅಲ್ಲೇ ಅನಿಸುತ್ತದೆ.

ಡಿಸೆಂಬರ್‌ನಲ್ಲಿ ಒಬ್ಬ ಸೈನಿಕನಿಗೆ ಸಿಗುತ್ತಿದ್ದುದು ದಿನಕ್ಕೆ 200 ಗ್ರಾಂ ಬ್ರೆಡ್, ಜೊತೆಗೆ ಕುದುರೆ ಮಾಂಸದ ನೀರು ಸಾರು. ಆ ಬ್ರೆಡ್ಡಿನಲ್ಲಿರುವುದು ಸುಮಾರು 500 ಕ್ಯಾಲೊರಿ. ಹಿಮದಲ್ಲಿ ಕಂದಕ ತೋಡುವವನಿಗೆ ಅದರ ಆರೇಳು ಪಟ್ಟು ಬೇಕು. ಸುಮ್ನೆ ನಡುಗುವುದಕ್ಕೂ ಮೈ ಇಂಧನ ಸುಡುತ್ತದೆ ಅಲ್ವಾ? ಹಸಿದ ಮೈ ಮೊದಲು ಪಿತ್ತಜನಕಾಂಗದ ಸಕ್ಕರೆ ಖಾಲಿ ಮಾಡುತ್ತದೆ, ಅದು ಒಂದು ದಿನವೂ ಸರಿಯಾಗಿ ಬಾರದು. ಆಮೇಲೆ ಕೊಬ್ಬು. ಜೊತೆಜೊತೆಗೇ ಸ್ನಾಯು. ಹೃದಯವೂ ಸ್ನಾಯುವೇ! ಗುಂಡು ತಾಗದೆ, ರೋಗದ ಗುರುತಿಲ್ಲದೆ ಸೈನಿಕರು ಕುಳಿತಲ್ಲೇ ಸಾಯತೊಡಗಿದಾಗ, ಕಾರಣ ಹುಡುಕಲು ಒಬ್ಬ ಶವಪರೀಕ್ಷೆ ವೈದ್ಯನನ್ನು ವಿಮಾನದಲ್ಲಿ ಕರೆಸಿದರು. ಹೆಣಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಮೊದಲು ಕಾಯಿಸಿ ಕರಗಿಸಬೇಕು, ಆಮೇಲೆ ಕೊಯ್ಯಬೇಕು. ಅವನಿಗೆ ಕಂಡದ್ದು ಹಸಿವು, ಚಳಿ, ದಣಿವು.

1943ರ ಜನವರಿ 30ರಂದು ಹಿಟ್ಲರ್ ಪೌಲುಸ್‌ಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ. ಆವರೆಗೆ ಯಾವ ಜರ್ಮನ್ ಫೀಲ್ಡ್ ಮಾರ್ಷಲ್ಲೂ ಶರಣಾಗಿರಲಿಲ್ಲ. ಬಿಡಿಸಿ ಹೇಳಬೇಕಿಲ್ಲ: ಗುಂಡು ಹೊಡೆದುಕೊಂಡು ಸಾಯಿ ಎಂದರ್ಥ. ಮರುದಿನ ಬೆಳಿಗ್ಗೆ ಪೌಲುಸ್ ಒಂದು ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಜೀವಂತ ಸೆರೆಸಿಕ್ಕ.

ಸೆರೆಯಾದ ಸುಮಾರು 91,000 ಜನರಲ್ಲಿ ಮನೆಗೆ ಮರಳಿದವರು ಐದಾರು ಸಾವಿರ. ಹಸಿವು ಆಗಲೇ ತಿಂದಿದ್ದ ಮೈಗಳನ್ನು ಹೇನಿನಿಂದ ಹರಡುವ ಟೈಫಸ್ ಮುಗಿಸಿತು. ಪೌಲುಸ್ ಬದುಕಿದ, ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ತನ್ನವರ ವಿರುದ್ಧವೇ ಸಾಕ್ಷಿ ಹೇಳಿದ, 1953ರಲ್ಲಿ ಬಿಡುಗಡೆಯಾದ. ಹೆಂಡತಿಯನ್ನು ಮತ್ತೆ ನೋಡಲಿಲ್ಲ. ಆಕೆ 1949ರಲ್ಲೇ ತೀರಿಕೊಂಡಿದ್ದಳು.

ಕೊನೆಗೆ ಬಂದದ್ದು ಎಎಲ್‌ಎಸ್, ಸ್ಟೀಫನ್ ಹಾಕಿಂಗ್‌ಗೆ ಬಂದಿದ್ದ ಕಾಯಿಲೆಯೇ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತವೆ. 1957ರ ಫೆಬ್ರುವರಿ 1ರಂದು ಅವನು ಡ್ರೆಸ್ಡೆನ್‌ನಲ್ಲಿ ತೀರಿಕೊಂಡ. ಸೆರೆಸಿಕ್ಕು ಹದಿನಾಲ್ಕು ವರ್ಷ ಒಂದು ದಿನವಾಗಿತ್ತು.