ಕೊಬ್ಬು ಹೀರುವ ಕೊಳವೆಯ ನೂರು ವರ್ಷ

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್‌ಗೆ ಹೋದವರು ಮನೆಗೆ ವಾಪಸ್ ಬರಲಿಲ್ಲ. ಅವರಿಗೆ ಬರೀ 21 ವರ್ಷ. ಅಪ್ಪ ಅಮ್ಮನಿಗೆ ಹೇಳದೆ ಹೋಗಿದ್ದರು. ಅದಕ್ಕೂ ಏಳು ವರ್ಷ ಮೊದಲು, 2015ರ ಜೂನ್‌ನಲ್ಲಿ, ತೆಲುಗು ನಟಿ ಆರತಿ ಅಗರ್‌ವಾಲ್ ಅಮೆರಿಕದಲ್ಲಿ 31ನೇ ವಯಸ್ಸಿಗೆ ತೀರಿಕೊಂಡಿದ್ದರು. ಅವರೂ ಕೆಲವು ವಾರಗಳ ಹಿಂದಷ್ಟೇ ಲೈಪೊಸಕ್ಷನ್, ಅಂದರೆ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಆಪರೇಷನ್, ಮಾಡಿಸಿಕೊಂಡಿದ್ದರು.

ಇಂಥ ಸುದ್ದಿ ಬಂದಾಗಲೆಲ್ಲ ತಪ್ಪು ಯಾರದ್ದು ಅಂತ ಮಾತು ನಡೆಯುತ್ತದೆ. ನಡೆಯಲೇಬೇಕು. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಲೈಪೊಸಕ್ಷನ್ ಅನ್ನೋದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ಹಾಗಿದ್ದ ಮೇಲೆ ‘ಸಣ್ಣ ಆಗೋಕೆ ಸುಲಭದ ದಾರಿ’ ಅಂತ ಅದು ನಮ್ಮ ಮಕ್ಕಳ ತಲೆಯಲ್ಲಿ ಕೂತಿದ್ದು ಹೇಗೆ?

ಶುರುವಾಗಿದ್ದೇ ಒಂದು ದುರಂತದಿಂದ. 1920ರ ದಶಕದಲ್ಲಿ ಪ್ಯಾರಿಸ್‌ನ ಸರ್ಜನ್ ಷಾರ್ಲ್ ದುಜಾರಿಯೆ ಹತ್ತಿರ ಒಬ್ಬ ಯುವತಿ ಬಂದಳು. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕಾಲು ಇನ್ನಷ್ಟು ತೆಳ್ಳಗೆ ಕಾಣಬೇಕಿತ್ತು, ಅಷ್ಟೇ. ಗರ್ಭಕೋಶ ಕೆರೆದು ಸ್ವಚ್ಛ ಮಾಡಲು ಬಳಸುವ ಚಮಚದಂಥ ಸಲಕರಣೆಯಿಂದ ಅವರು ಕಾಲಿನ ಕೊಬ್ಬು ಕೆರೆದರು. ರಕ್ತನಾಳಕ್ಕೆ ಪೆಟ್ಟು ಬಿತ್ತು. ಕಾಲು ಕೊಳೆಯಿತು. ಕೊನೆಗೆ ಕತ್ತರಿಸಬೇಕಾಯಿತು. ಅವಳು ಕೋರ್ಟಿಗೆ ಹೋದಳು, ಡಾಕ್ಟರ್ ಪರಿಹಾರ ಕಟ್ಟಬೇಕಾಯಿತು. ಆಮೇಲೆ ಬಹಳ ವರ್ಷ ಸರ್ಜನ್‌ಗಳು ಆ ಕಡೆ ತಲೆ ಹಾಕಲು ಹೆದರಿದರು.

1970ರ ದಶಕದಲ್ಲಿ ರೋಮ್‌ನ ಫಿಷರ್ ಅಪ್ಪ-ಮಗ ಇಬ್ಬರೂ ಕೆರೆಯುವ ಬದಲು ಕೊಳವೆಯಿಂದ ಹೀರುವ ದಾರಿ ಹುಡುಕಿದರು. 1977ರಲ್ಲಿ ಪ್ಯಾರಿಸ್‌ನ ಈವ್ ಇಲ್ಲೂಜ್ ಅದನ್ನು ಇನ್ನೂ ಹದಕ್ಕೆ ತಂದರು. ಬೆನ್ನಿನ ಮೇಲಿದ್ದ ಒಂದು ಕೊಬ್ಬಿನ ಗಂಟನ್ನು ದೊಡ್ಡ ಕಲೆ ಉಳಿಯದ ಹಾಗೆ ತೆಗೆಯಬೇಕಿತ್ತು. ಮೊದಲು ಉಪ್ಪುನೀರು ಬಿಟ್ಟು ಕೊಬ್ಬನ್ನು ಸಡಿಲ ಮಾಡಿ, ತುದಿ ಮೊಂಡಾದ ಕೊಳವೆಯಿಂದ ಹೀರಿದರು. ಮೊಂಡು ತುದಿ ನರ, ರಕ್ತನಾಳಗಳನ್ನು ಕತ್ತರಿಸದೆ ಪಕ್ಕಕ್ಕೆ ಸರಿಸುತ್ತಿತ್ತು. ಇದನ್ನು ಗಮನಿಸಿ: ಅಲ್ಲಿ ತೆಗೆದದ್ದು ಒಂದು ಗಂಟು. ಇಡೀ ಮನುಷ್ಯನನ್ನು ಸಣ್ಣ ಮಾಡುವ ಮಾತೇ ಇರಲಿಲ್ಲ.

ಮೂರನೆಯ ಹೆಜ್ಜೆ 1985ರದ್ದು. ಕ್ಯಾಲಿಫೋರ್ನಿಯಾದ ಚರ್ಮದ ಡಾಕ್ಟರ್ ಜೆಫ್ರಿ ಕ್ಲೈನ್ ಉಪ್ಪುನೀರಿಗೆ ಮರಗಟ್ಟಿಸುವ ಲಿಡೊಕೇನ್ ಮತ್ತು ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿ, ಜಾಗ ಬಿಗಿಯಾಗಿ ಉಬ್ಬುವಷ್ಟು ಚುಚ್ಚಿದರು. ರಕ್ತ ಹೋಗುವುದು ತುಂಬಾ ಕಡಿಮೆ ಆಯಿತು. ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವೂ ಇಲ್ಲದಾಯಿತು. ದೊಡ್ಡ ಸುಧಾರಣೆಯೇ. ಆದರೆ ಇದರಿಂದಲೇ ಇನ್ನೊಂದು ಬದಲಾವಣೆಯೂ ಆಯಿತು. ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿದ್ದ ಕೆಲಸ ಸಣ್ಣ ಕ್ಲಿನಿಕ್‌ಗಳಿಗೆ ಇಳಿಯಿತು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬಹುದು ಅನ್ನೋ ಜಾಹೀರಾತು ಬಂತು. ಏನಾದರೂ ಕೈಮೀರಿದರೆ ಪಕ್ಕದಲ್ಲೇ ಐಸಿಯು ಇರಬೇಕು ಅನ್ನೋದು ಮರೆತುಹೋಯಿತು.

ಕೈಮೀರುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಚರ್ಮಕ್ಕೆ ಸಣ್ಣ ತೂತು ಮಾಡಿ ಸ್ಟೀಲ್ ಕೊಳವೆ ತೂರಿಸುತ್ತಾರೆ. ಸರ್ಜನ್ ಒಂದು ಕೈಯಲ್ಲಿ ಅದನ್ನು ಮುಂದಕ್ಕೂ ಹಿಂದಕ್ಕೂ ಆಡಿಸುತ್ತಾರೆ, ಇನ್ನೊಂದು ಕೈಯನ್ನು ಚರ್ಮದ ಮೇಲಿಟ್ಟು ತುದಿ ಎಲ್ಲಿದೆ ಅಂತ ತಡವಿ ನೋಡುತ್ತಿರುತ್ತಾರೆ. ಒಳಗಿನದು ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆಯ ಗೋಡೆ ದಾಟಿ ಕರುಳಿಗೆ ತಾಗಿದ ಪ್ರಕರಣಗಳಿವೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಒಡೆದ ಕೊಬ್ಬಿನ ಹನಿಗಳೂ ರಕ್ತದಲ್ಲಿ ಸೇರಿ ಅಲ್ಲಿಗೇ ಹೋಗಬಹುದು. ಬಿಟ್ಟ ದ್ರವ ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಲಿಡೊಕೇನ್‌ದು ಇನ್ನೊಂದು ಕಷ್ಟ. ಕೊಬ್ಬಿನಿಂದ ಅದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ, ಸುಮಾರು ಹನ್ನೆರಡು ಗಂಟೆಯ ನಂತರ ಅದರ ಪ್ರಮಾಣ ತುದಿ ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಮನೆಗೆ ಕಳಿಸಿದ ರೋಗಿ ಒಬ್ಬರೇ ಮಲಗಿರಬಹುದು.

ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳನ್ನೇ ಕೇಳಿ ಹಾಕಿದ ಒಂದು ಲೆಕ್ಕ 2000ದಲ್ಲಿ ಪ್ರಕಟವಾಯಿತು. 1994ರಿಂದ 1998ರವರೆಗಿನ ಸುಮಾರು 5 ಲಕ್ಷ ಆಪರೇಷನ್‌ಗಳಲ್ಲಿ 95 ಸಾವು. ಅಂದರೆ ಸುಮಾರು 5,000ಕ್ಕೆ ಒಂದು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದೇ ಮೊದಲ ಕಾರಣ. ಆಮೇಲೆ ನಿಯಮಗಳು ಬಿಗಿಯಾದವು. ಒಂದು ಸಲಕ್ಕೆ 5 ಲೀಟರ್‌ಗಿಂತ ಹೆಚ್ಚು ಹೀರಿದರೆ ಅದು ಜಾಸ್ತಿ ಅಪಾಯದ ಆಪರೇಷನ್, ರಾತ್ರಿಯೆಲ್ಲ ಆಸ್ಪತ್ರೆಯಲ್ಲೇ ನಿಗಾ ಇಡಬೇಕು ಅನ್ನೋ ಪದ್ಧತಿ ಬಂತು. ಸರಿಯಾದ ಜಾಗದಲ್ಲಿ, ಸರಿಯಾದ ಕೈಯಲ್ಲಿ ಅಪಾಯ ಕಡಿಮೆ, ನಿಜ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿ, ವರ್ಕ್‌ಶಾಪಿಗೆ ಹೋಗಿ ಬಂದದ್ದು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಅಂತ ಹೇಳಬೇಕಾಯಿತು. ಹಾಗೆ ಬರೆಯಬೇಕಾದ ಪರಿಸ್ಥಿತಿ ಇತ್ತು ಅಂದರೆ ಯೋಚನೆ ಮಾಡಿ.

ಕಳೆದ ವರ್ಷ ನನ್ನ ಅಕ್ಕನ ಮಗಳು ಫೋನ್ ಮಾಡಿದ್ದಳು. “ಚಿಕ್ಕಮ್ಮ, ಮದುವೆಗೆ ಎಂಟು ತಿಂಗಳಿದೆ. ಎರಡು ಗಂಟೆ ಕೆಲಸ ಅಂತೆ, ಕಂತಲ್ಲೂ ಕಟ್ಟಬಹುದಂತೆ. ಅಮ್ಮಂಗೆ ಹೇಳ್ಬೇಡ.” ನನಗೆ ಎದೆ ಧಸಕ್ ಅಂತು. ಬೈಯಲಿಲ್ಲ. “ಅವರು ತೆಗೆಯೋದು ಯಾವ ಕೊಬ್ಬು ಅಂತ ಕೇಳಿದೀಯಾ?” ಅಂದೆ. ಕೇಳಿರಲಿಲ್ಲ.

ಈ ಪ್ರಶ್ನೆಗೆ ಉತ್ತರ 2004ರಲ್ಲೇ ಸಿಕ್ಕಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬೊಜ್ಜಿದ್ದ 15 ಹೆಂಗಸರ ಹೊಟ್ಟೆಯಿಂದ ಹೆಚ್ಚುಕಡಿಮೆ 10 ಕೆಜಿ ಕೊಬ್ಬು ಹೀರಿ ತೆಗೆದರು. ಹತ್ತು ಹನ್ನೆರಡು ವಾರ ಬಿಟ್ಟು ಪರೀಕ್ಷೆ ಮಾಡಿದರು. ಬಿಪಿ, ಶುಗರ್, ಕೊಲೆಸ್ಟ್ರಾಲ್ ಯಾವುದೂ ಸುಧಾರಿಸಿರಲಿಲ್ಲ. ಯಾಕೆಂದರೆ ಕೊಳವೆ ಹೀರುವುದು ಚರ್ಮದ ಕೆಳಗಿನ ಕೊಬ್ಬನ್ನು. ಕಾಯಿಲೆ ತರುವ ಕೊಬ್ಬು ಅದಕ್ಕಿಂತ ಒಳಗೆ, ಕರುಳು, ಲಿವರ್ ಸುತ್ತ ಇರುತ್ತದೆ. ಅಲ್ಲಿಗೆ ಕೊಳವೆ ಹೋಗುವ ಹಾಗಿಲ್ಲ. 2011ರಲ್ಲಿ ಕೊಲರಾಡೊದಲ್ಲಿ ನಡೆದ ಅಧ್ಯಯನ ಇನ್ನೊಂದು ವಿಷಯ ತೋರಿಸಿತು. ತೆಗೆದಷ್ಟು ಕೊಬ್ಬು ಒಂದೇ ವರ್ಷದಲ್ಲಿ ವಾಪಸ್ ಬಂದಿತ್ತು. ತೊಡೆಯಲ್ಲಿ ತೆಗೆದದ್ದು ತೊಡೆಗೆ ಬಂದಿರಲಿಲ್ಲ, ಹೊಟ್ಟೆಗೆ ಬಂದಿತ್ತು.

ನಮ್ಮ ದೇಶದವರಿಗೆ ಇದು ಇನ್ನೂ ಮುಖ್ಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತ ಒಂದು ಫೋಟೊ 2004ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ಸಣ್ಣಗಿದ್ದರೂ ನಮ್ಮ ಒಳಗೆ ಕೊಬ್ಬು ಜಾಸ್ತಿ. ಅದಕ್ಕೇ ನಮಗೆ ತಕ್ಕಡಿಗಿಂತ ಟೇಪು ಒಳ್ಳೆಯದು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಆಗಬೇಕು.

ಒಳಗಿನ ಕೊಬ್ಬು ಕರಗುವುದು ತಿನ್ನುವುದರಲ್ಲಿ ಹಿಡಿತ ಇಟ್ಟರೆ, ಓಡಾಡಿದರೆ. ಬೇಸರದ ಮಾತು ಅನ್ನಿಸಬಹುದು, ಆದರೆ ಇದಕ್ಕೆ ಗಟ್ಟಿ ಆಧಾರ ಇದೆ. ಅಮೆರಿಕದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಶುಗರ್ ಅಂಚಿನಲ್ಲಿದ್ದವರಿಗೆ ತೂಕದಲ್ಲಿ ಶೇ 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಅಂದರು. ಸಕ್ಕರೆ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆ ಆಯಿತು. ಚೆನ್ನೈನಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಭಾರತದ ಪ್ರಯೋಗ ನನಗೆ ಇನ್ನೂ ಹತ್ತಿರ. ಅಲ್ಲಿ ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಕಾಯಿಲೆ ಶೇ 28.5ರಷ್ಟು ತಗ್ಗಿತು. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆದಿತ್ತು.

ತಟ್ಟೆಯ ಕಡೆ ನೋಡಿ. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥ ಪದಾರ್ಥಗಳಲ್ಲಿರುವ ಕಾರ್ಬೊಹೈಡ್ರೇಟ್‌ನಿಂದ. ನಮ್ಮ ಮನೆಗಳಲ್ಲಿ ಸಾರಿಗೆ ಒಂದು ಸಲ ಅನ್ನ, ಪಲ್ಯದ ಜೊತೆ ಇನ್ನೊಂದು ಸಲ, ಮೊಸರಿಗೆ ಮತ್ತೆ. ರಾಗಿ ಮುದ್ದೆ ಒಳ್ಳೆಯದೇ, ಆದರೆ ಮುದ್ದೆ ಮುಗಿಸಿ ಇದೇ ಮೂರು ಸುತ್ತು ಅನ್ನ ಹಾಕಿಸಿಕೊಂಡರೆ ಏನು ಬಂತು? ಒಂದು ಸುತ್ತು ಬಿಟ್ಟು ಆ ಜಾಗಕ್ಕೆ ಹುರುಳಿಕಾಳು, ಮೊಳಕೆ ಹೆಸರುಕಾಳು, ಮೊಟ್ಟೆ ಬಂದರೆ ಸಾಕು. ವಾರಕ್ಕೆ ಅರ್ಧ ಕೆಜಿ ಇಳಿದರೂ ಚೆನ್ನಾಗಿಯೇ ಇಳಿಯುತ್ತಿದೆ ಅಂತ ಅರ್ಥ. ಸುಮ್ನೆ ಉಪವಾಸ ಬಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

2025ರಿಂದ ಇಲ್ಲೂ ತೂಕ ಇಳಿಸುವ ಇಂಜೆಕ್ಷನ್‌ಗಳು ಸಿಗುತ್ತಿವೆ. ಅವುಗಳಲ್ಲೊಂದಾದ ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಸಿದ್ದು ನಿಜ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂದದ್ದೂ ನಿಜ. ಡಾಕ್ಟರ್ ನೋಡಿ ಬರೆದುಕೊಟ್ಟರೆ ಅದು ಔಷಧಿ. ಬೊಜ್ಜು ವಿಪರೀತ ಇದ್ದವರಿಗೆ ಜಠರವನ್ನು ಚಿಕ್ಕದು ಮಾಡುವ ಬೇರಿಯಾಟ್ರಿಕ್ ಸರ್ಜರಿಯೂ ಹಾಗೇ, ಅದು ಬೇರೆಯೇ ಚಿಕಿತ್ಸೆ. ಅದನ್ನೂ ಲೈಪೊಸಕ್ಷನ್ನನ್ನೂ ಒಂದೇ ಅಂದುಕೊಳ್ಳಬೇಡಿ.

ಅಕ್ಕನ ಮಗಳು ಮುಂಗಡ ಕಟ್ಟಲಿಲ್ಲ. ಅಮ್ಮನಿಗೆ ಅವಳೇ ಹೇಳಿದಳು. ಇಬ್ಬರೂ ಟೇಪು ತಂದು ಅಳತೆ ತೆಗೆದರು: 91. ಮದುವೆಯ ಹೊತ್ತಿಗೆ 86 ಆಗಿತ್ತು. ರವಿಕೆಯನ್ನು ಟೈಲರ್ ಕಡೇ ವಾರದಲ್ಲಿ ಪಕ್ಕ ಹಿಡಿದು ಕೊಟ್ಟ. ಮದುವೆ ಆಗಿ ನಾಲ್ಕು ತಿಂಗಳಾಯಿತು. ಈಗಲೂ ಸಂಜೆ ಆರೂವರೆಗೆ ಫೋನ್ ಮಾಡಿದರೆ ಅವಳು ಎತ್ತುವುದಿಲ್ಲ, ಗಂಡನ ಜೊತೆ ಕೆರೆ ಏರಿ ಮೇಲೆ ನಡೆಯುತ್ತಿರುತ್ತಾಳೆ.